ಅಡಿಕೆ ಕೊನೆ ಕೊಯ್ಲು ಶುರುವಾಗ್ತಿದೆ, ತೋಟದಲ್ಲಿ ಹಾವಿನ ಕಾಟ: ಕೆಲಸದವರಿಗೆ ಏನೇನು ವ್ಯವಸ್ಥೆ ಮಾಡಬೇಕು?

ತೋಟದಂಚು (ಹೊಸನಗರ ತಾಲೂಕು)

ಎಲ್ಲರಿಗೂ ನಮಸ್ಕಾರ. ನವರಾತ್ರಿ ಕಳೆದ ಕೂಡಲೇ ನಮ್ಮಲ್ಲಿ ಕೊನೆ, ಅಂದರೆ ಅಡಿಕೆ ಗೊನೆ ಕೊಯ್ಲು ಶುರು. ಈ ಸಲ ಮಳೆ ಬಿಡುತ್ತಲೇ ಇಲ್ಲ, ತೋಟದಲ್ಲಿ ಕಳೆ ಮೊಣಕಾಲಿಗೆ ಬಂದಿದೆ. ಹೋದ ವಾರ ಪಕ್ಕದ ತೋಟದಲ್ಲಿ ಉದುರಡಿಕೆ ಹೆಕ್ಕುತ್ತಿದ್ದ ಹೆಂಗಸೊಬ್ಬರಿಗೆ ಬೆರಳಿಗೆ ಹಾವು ಕಡಿಯಿತು. ಉದುರಿ ಬಿದ್ದ ಅಡಿಕೆ ಹಾಳೆಯ ಅಡಿಗೆ ಕೈ ಹಾಕಿದ್ದರಂತೆ. ಕೊಳಕುಮಂಡಲ. ಮೊಣಕೈ ಮೇಲೆ ಹಗ್ಗ ಬಿಗಿದು, ಬೆರಳು ಕೊಯ್ದು ರಕ್ತ ಬಿಟ್ಟು, ಮೊದಲು ನಾಟಿ ಔಷಧಿ ಕೊಡುವವರ ಮನೆಗೆ ಕರೆದುಕೊಂಡು ಹೋದರು. ಆಸ್ಪತ್ರೆ ಮುಟ್ಟುವಾಗ ಕತ್ತಲಾಗಿತ್ತು. ಜೀವ ಉಳಿದಿದೆ, ಅಷ್ಟೇ ಸಮಾಧಾನ. ಕೈ ಊದಿ ಕಪ್ಪಾಗಿದೆ, ಕಿಡ್ನಿಗೆ ತೊಂದರೆ ಆಗಿ ಡಯಾಲಿಸಿಸ್ ನಡೀತಿದೆ.

ಅವರ ತಂಗಿ ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರು. "ನಾವು ಬರ್ತೀವಿ, ಆದ್ರೆ ಏನಾದ್ರೂ ವ್ಯವಸ್ಥೆ ಮಾಡಿ" ಅಂತ ಹೇಳಿ ಕಳಿಸಿದ್ದಾರೆ. ಕೇಳಿದ್ದು ನ್ಯಾಯ. ಗಂಬೂಟು ತಂದುಕೊಡಬಹುದು, ಅದು ಸಾಕಾ? ಕೈಗೆ ಏನು ಮಾಡುವುದು? ಕಡಿದರೆ ಎಲ್ಲಿಗೆ ಓಡುವುದು? ನಮ್ಮಿಂದ ಹೊಸನಗರ ಪೇಟೆಗೇ ಕೆಟ್ಟ ರಸ್ತೆ, ಶಿವಮೊಗ್ಗ ಇನ್ನೂ ದೂರ. ತೋಟದಲ್ಲಿ ದಿನಾ ಓಡಾಡುವವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ದಯವಿಟ್ಟು ಬರೆಯಿರಿ.

ಮಳೆಕಾಡು (ತೀರ್ಥಹಳ್ಳಿ)

ಆ ಅಕ್ಕ ಬೇಗ ಗುಣವಾಗಲಿ ಮಾರಾಯ್ರೆ. ಓದಿ ಹೊಟ್ಟೆ ಕಲಸಿತು.

ಗಂಬೂಟು ಖಂಡಿತಾ ಬೇಕು. ಹೆಚ್ಚಿನ ಕಡಿತ ಆಗುವುದು ಪಾದ, ಹರಡು, ಮೀನಖಂಡದ ಕೆಳಗೇ. ಅಡಿಯಿಂದ ಮೊಣಕಾಲ ಹತ್ತಿರದವರೆಗೆ ಬರುವ ದಪ್ಪ ರಬ್ಬರಿನದು ತನ್ನಿ, ಗಿಡ್ಡದ್ದು ಬೇಡ. ರಾತ್ರಿ ಹೊರಗೆ ಬಿಟ್ಟ ಗಂಬೂಟನ್ನು ಬೆಳಿಗ್ಗೆ ತಲೆಕೆಳಗು ಮಾಡಿ ಕೊಡವಿ ಹಾಕಿಕೊಳ್ಳಬೇಕು. ಕಪ್ಪೆ ಒಳಗೆ ಸೇರಿಕೊಳ್ಳುತ್ತದೆ, ಕಪ್ಪೆ ಇದ್ದಲ್ಲಿಗೆ ಹಾವು ಬರುತ್ತದೆ.

ಆದರೆ ಅಡಿಕೆ ತೋಟದಲ್ಲಿ ಕಾಲಿಗಿಂತ ಕೈಯದ್ದೇ ದೊಡ್ಡ ಚಿಂತೆ. ಹಾಳೆ ಬಿದ್ದಿರುವುದನ್ನು ನೋಡಿ. ಅದು ಮರದಿಂದ ಬಿದ್ದ ಮೇಲೆ ಒಣಗುತ್ತಾ ಒಳಕ್ಕೆ ಸುರುಳುತ್ತದೆ, ಬೋರಲಾಗಿ ಬಿದ್ದರೆ ಕೆಳಗೆ ಒಣ ಜಾಗ ಉಳಿಯುತ್ತದೆ. ಸುತ್ತ ಎಲ್ಲಾ ಒದ್ದೆ ಇರುವಾಗ ಮಂಡಲಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಬಣ್ಣವೂ ದರಗಿನ, ಅಂದರೆ ಒಣಗಿದ ಎಲೆಯ ಬಣ್ಣವೇ. ಎರಡು ಮಾರು ದೂರದಲ್ಲಿ ನಿಂತು ನೋಡಿದರೂ ಕಾಣುವುದಿಲ್ಲ.

ಹಾಳೆ ಎತ್ತುವ ಕ್ರಮ ಒಂದಿದೆ, ನಮ್ಮ ಕೆಲಸದವರಿಗೆಲ್ಲಾ ಮಾಡಿ ತೋರಿಸಿದ್ದೇನೆ. ಕೈಯಲ್ಲಿ ತುದಿ ಬಾಗಿದ ಕೋಲು ಅಥವಾ ಉದ್ದ ಹಿಡಿಯ ಕತ್ತಿ ಇರಬೇಕು. ಹಾಳೆಯ ಆಚೆ ಅಂಚಿಗೆ, ಅಂದರೆ ನಿಮ್ಮಿಂದ ದೂರದ ಅಂಚಿಗೆ ಕೊಕ್ಕೆ ಹಾಕಿ ನಿಮ್ಮ ಕಡೆಗೆ ಎಳೆದು ಎತ್ತಬೇಕು. ಆಗ ಬಾಯಿ ಆಚೆಗೆ ತೆರೆದುಕೊಳ್ಳುತ್ತದೆ, ಹಾಳೆಯೇ ನಿಮಗೂ ಹಾವಿಗೂ ಮಧ್ಯೆ ಅಡ್ಡ ನಿಲ್ಲುತ್ತದೆ. ಒಳಗೆ ಏನಾದರೂ ಇದ್ದರೆ ಆಚೆ ಹೋಗುತ್ತದೆ. ಹತ್ತಿರದ ಅಂಚು ಹಿಡಿದು ಎತ್ತಿದರೆ ಅದು ನೇರ ನಿಮ್ಮ ಕಾಲಿಗೇ ಬರುತ್ತದೆ. ಸೋಗೆ, ಕಲ್ಲು, ಕಟ್ಟಿಗೆ ದಿಮ್ಮಿ, ತೆಂಗಿನ ಮಡಲು ಎಲ್ಲಕ್ಕೂ ಇದೇ ಕ್ರಮ.

ಇನ್ನೊಂದು. ಈಗ ನೆಲದಲ್ಲೇ ನಿಂತು ಉದ್ದ ಕೋಲಿನ ದೋಟಿಯಲ್ಲಿ ಕೊಯ್ಯುವುದು ಜಾಸ್ತಿ ಆಗಿದೆಯಲ್ಲ. ಮರ ಹತ್ತಿ ಬೀಳುವ ಅಪಾಯ ತಪ್ಪಿತು, ಒಳ್ಳೆಯದೇ. ಆದರೆ ದೋಟಿ ಹಿಡಿದವನ ಕಣ್ಣು ದಿನವಿಡೀ ಮೇಲೆ. ಕತ್ತು ಎತ್ತಿಕೊಂಡೇ ಹಿಂದೆ ಮುಂದೆ ಕಾಲಿಡುತ್ತಾನೆ. ಕೆಳಗೆ ಕೊನೆ ಹಿಡಿಯುವವನದ್ದೂ ಅದೇ ಕತೆ. ಅದಕ್ಕೆ ಕೊನೆ ಕೊಯ್ಲಿಗೆ ಎರಡು ದಿನ ಮೊದಲೇ ಮರದ ಬುಡ, ಸಾಲಿನ ನಡುವೆ ಕಳೆ ತೆಗೆಸಿ, ಹಾಳೆ ಸೋಗೆ ಒಂದು ಕಡೆ ಒಟ್ಟಿಸಿ. ಕಳೆ ಹೊಡೆಯುವ ಮೆಷಿನ್ ಬಿಡುವ ಮೊದಲು ಒಬ್ಬರು ಕೋಲಿನಲ್ಲಿ ನೆಲ ಬಡಿಯುತ್ತಾ ಒಂದು ಸುತ್ತು ಹೋಗಿ ಬರಲಿ. ನೆಲದ ಅದುರು ಹಾವಿಗೆ ಚೆನ್ನಾಗಿ ತಿಳಿಯುತ್ತದೆ. ನಾಗರ, ಕೇರೆ ಸರಿದು ಹೋಗುತ್ತವೆ. ಕೊಳಕುಮಂಡಲ ಮಾತ್ರ ಹೋಗುವುದಿಲ್ಲ, ಇದ್ದಲ್ಲೇ ಸುತ್ತಿಕೊಂಡು ಕುಕ್ಕರ್ ಸೀಟಿ ಹೊಡೆದ ಹಾಗೆ ಬುಸುಗುಡುತ್ತದೆ. ಆ ಸದ್ದು ಕೇಳಿದರೆ ಕಾಲು ಎತ್ತಬೇಡಿ, ಮೊದಲು ಎಲ್ಲಿದೆ ನೋಡಿ, ಆಮೇಲೆ ಹಿಂದೆ ಸರಿಯಿರಿ.

ಕೊನೆಗಾರ (ಸಾಗರ)

ಮಳೆಕಾಡು ಅಣ್ಣ ಹೇಳಿದ್ದು ಸರಿ. ಕೆಲಸಕ್ಕೆ ಹೋಗುವವರ ಕಡೆಯಿಂದ ನಾನೂ ಒಂದು ಮಾತು ಹೇಳ್ತೀನಿ.

ಕೊನೆ ಲೆಕ್ಕದಲ್ಲಿ, ಡಬ್ಬ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಯಾರೂ ಕೋಲು ಹಿಡಿದು ಹಾಳೆ ಮಗುಚುತ್ತಾ ಕೂರುವುದಿಲ್ಲ. ಎರಡೂ ಕೈಯಲ್ಲಿ ಬರಬರ ಹೆಕ್ಕುತ್ತಾರೆ. ಉದುರು ಹೆಕ್ಕುವ ಹೆಂಗಸರಿಗೆ ದಿನಗೂಲಿ ಮಾಡಿ. ನಿಧಾನ ಆದರೂ ಪರವಾಗಿಲ್ಲ ಅಂತ ಯಜಮಾನರು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನೀವು ಗಂಬೂಟು, ಗ್ಲೌಸು ಎಲ್ಲಾ ಕೊಟ್ಟರೂ ಮೂಲೆಯಲ್ಲೇ ಇರುತ್ತದೆ.

ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಮರ ಹತ್ತುವವರಿಗೆ ಗಂಬೂಟು ಆಗುವುದಿಲ್ಲ, ಬರಿಗಾಲೇ ಬೇಕು. ಅವರು ಇಳಿಯುವ ಮರದ ಬುಡ ಚೊಕ್ಕ ಇರಬೇಕು. ಇಳಿದ ಕೂಡಲೇ ಕಾಲಿಡುವ ಜಾಗ ಅವರಿಗೆ ಕಾಣುವುದಿಲ್ಲ. ಕೆಳಗೆ ಇರುವವರು ನೋಡಿ ಹೇಳಬೇಕು.

ಕೊಯ್ದ ಕೊನೆಯನ್ನು ರಾತ್ರಿ ತೋಟದಲ್ಲೇ ರಾಶಿ ಬಿಟ್ಟು ಮರುದಿನ ಹೊರುವ ಅಭ್ಯಾಸ ಬಿಡಿ. ಬೆಳಿಗ್ಗೆ ಮಂಜಿನಲ್ಲಿ ಕತ್ತಲೆ ಕತ್ತಲೆ ಇರುವಾಗ ಕೊನೆ ಎತ್ತಿ ತಲೆ ಮೇಲೆ ಇಟ್ಟುಕೊಳ್ಳುವುದು. ಒಳಗೆ ಏನಿದೆ ಯಾರಿಗೆ ಗೊತ್ತು? ಹೊರಲೇ ಆಗದಿದ್ದರೆ ಬೆಳಿಗ್ಗೆ ರಾಶಿಗೆ ಕೋಲಿನಲ್ಲಿ ಬಡಿದು, ಒಂದೊಂದೇ ಕೊನೆ ಕೊಕ್ಕೆಯಲ್ಲಿ ಎಳೆದು ನೋಡಿ ಎತ್ತಿ.

ಸಿಸ್ಟರಕ್ಕ

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮಳೆಗಾಲದಿಂದ ಕೊನೆ ಮುಗಿಯುವವರೆಗೆ ಹಾವು ಕಡಿದವರು ನಮ್ಮ ವಾರ್ಡಿಗೆ ಬರುತ್ತಲೇ ಇರುತ್ತಾರೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಕಡಿದ ಕೂಡಲೇ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಜಾಸ್ತಿ. ಕಟ್ಟಬೇಡಿ. ಕೊಯ್ಯಬೇಡಿ. ಬಾಯಲ್ಲಿ ಹೀರಬೇಡಿ. ಐಸ್ ಇಡಬೇಡಿ, ಸುಣ್ಣ, ಅರಿಶಿನ, ಸೀಮೆಎಣ್ಣೆ ಏನೂ ಹಚ್ಚಬೇಡಿ. ಸಾರಾಯಿ ಕುಡಿಸಬೇಡಿ. ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಸಬೇಡಿ, ಕೆಲವು ಮಾತ್ರೆ ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಬಿಗಿದ ಹಗ್ಗದಿಂದ ವಿಷ ನಿಲ್ಲುವುದಿಲ್ಲ. ಮಂಡಲದ ವಿಷ ಮಾಂಸವನ್ನೇ ಕೊಳೆಸುವಂಥದ್ದು, ಅದನ್ನು ಒಂದೇ ಕಡೆ ಕಟ್ಟಿ ನಿಲ್ಲಿಸಿದರೆ ಆ ಕೈಯೋ ಕಾಲೋ ಹೋಗುತ್ತದೆ. ಕೊಯ್ದ ಗಾಯದ ರಕ್ತವೂ ನಿಲ್ಲುವುದಿಲ್ಲ, ಯಾಕೆಂದರೆ ಹೆಪ್ಪುಗಟ್ಟುವ ಶಕ್ತಿಯನ್ನೇ ವಿಷ ತೆಗೆದುಬಿಟ್ಟಿರುತ್ತದೆ. ಮೊದಲೇ ಯಾರೋ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಫಕ್ಕನೆ ಬಿಚ್ಚಬೇಡಿ. ಹಾಗೇ ಕರೆತನ್ನಿ, ಡಾಕ್ಟರ್ ಔಷಧಿ ಸಿದ್ಧ ಇಟ್ಟುಕೊಂಡು ಬಿಚ್ಚುತ್ತಾರೆ.

ಮಾಡಬೇಕಾದ್ದು ಇಷ್ಟು. ಕಡಿಸಿಕೊಂಡವರನ್ನು ಅಲ್ಲೇ ಕೂರಿಸಿ ಇಲ್ಲ ಮಲಗಿಸಿ, ಓಡಿಸಬೇಡಿ, ನಡೆಸಲೂ ಬೇಡಿ. ಉಂಗುರ, ಬಳೆ, ಕಾಲುಂಗುರ, ಕೈದಾರ, ವಾಚು ಕೂಡಲೇ ತೆಗೆಯಿರಿ. ಊತ ಬಂದಮೇಲೆ ಕತ್ತರಿಸಿ ತೆಗೆಯುವ ಪಾಡು ನಮ್ಮದು. ಕೈ ಅಥವಾ ಕಾಲು ಅಲ್ಲಾಡದಂತೆ ಒಂದು ಅಡಿಕೆ ದಬ್ಬೆ ಇಟ್ಟು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಮುರಿದ ಮೂಳೆಗೆ ಕಟ್ಟಿದ ಹಾಗೆ. ಒಂದು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ವಾಂತಿ ಬಂದರೆ ಎಡಮಗ್ಗುಲಿಗೆ ಮಲಗಿಸಿ. ಕಡಿದ ಹೊತ್ತು ಎಷ್ಟು ಅಂತ ನೆನಪಿಟ್ಟುಕೊಳ್ಳಿ. ಕಂಬಳಿಯಲ್ಲೋ ಕುರ್ಚಿಯಲ್ಲೋ ಹೊತ್ತು ರಸ್ತೆಗೆ ತನ್ನಿ. 108ಕ್ಕೆ ಫೋನ್ ಮಾಡಿ, ಆದರೆ ಅದು ಬರುವುದು ತಡ ಅಂತ ಗೊತ್ತಾದರೆ ಸಿಕ್ಕಿದ ಗಾಡಿಯಲ್ಲಿ ಹೊರಡಿ.

ಹಾವನ್ನು ಹೊಡೆದು ತರಬೇಡಿ. ಎಷ್ಟೋ ಜನ ಹಾವು ಹುಡುಕುತ್ತಾ ಅರ್ಧ ಗಂಟೆ ಕಳೆದು, ಎರಡನೆಯವರೂ ಕಡಿಸಿಕೊಂಡು ಬರುತ್ತಾರೆ. ಸತ್ತ ಹಾವಿನ ತಲೆ ಕೂಡ ಸ್ವಲ್ಪ ಹೊತ್ತಿನವರೆಗೆ ಕಚ್ಚಬಲ್ಲದು. ದೂರದಿಂದ ಒಂದು ಫೋಟೋ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಬೇಡ. ನಮ್ಮಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಔಷಧಿ. ಹಾವು ಯಾವುದು ಅಂತ ಗೊತ್ತಿಲ್ಲದಿದ್ದರೂ ರೋಗಿಯ ಮೈ ನೋಡಿ ನಿರ್ಧಾರ ಮಾಡುತ್ತೇವೆ.

ಹೇಗೆ ಅಂತ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ಒಣ, ಶುಭ್ರ ಗಾಜಿನ ಟ್ಯೂಬಿನಲ್ಲಿ 2 ಮಿಲಿ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಡುತ್ತೇವೆ. ಆಮೇಲೆ ಒಂದೇ ಸಲ ಬಗ್ಗಿಸಿ ನೋಡುವುದು. ಹೆಪ್ಪಾಗಿ ನಿಂತರೆ ಸರಿ. ಹೆಪ್ಪಾಗದೆ ಹರಿದರೆ ಮಂಡಲದ ವಿಷ ಏರಿದೆ ಅಂತ ಅರ್ಥ, ಕೂಡಲೇ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಔಷಧಿ ಶುರು. ಸಾಮಾನ್ಯವಾಗಿ ಮೊದಲ ಡೋಸೇ 10 ವಯಲ್, ಅದು ನರಕ್ಕೇ ಹೋಗಬೇಕು. ಮಕ್ಕಳಿಗೂ ಅಷ್ಟೇ ಕೊಡುವುದು, ಯಾಕೆಂದರೆ ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ. ಔಷಧಿ ಕೆಲವರಿಗೆ ಅಲರ್ಜಿ ಆಗುತ್ತದೆ, ಅದಕ್ಕೇ ಆಸ್ಪತ್ರೆಯಲ್ಲೇ ಕೊಡಬೇಕು. ಮನೆಯಲ್ಲಿ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುತ್ತೇವೆ ಅನ್ನುವವರಿಗೆ ಈ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ.

ಹಳೇಮನೆ (ಸೊರಬ)

ಸಿಸ್ಟರಮ್ಮ ಹೇಳಿದ್ದೆಲ್ಲಾ ಓದಿದೆ. ಗೌರವದಿಂದಲೇ ಕೇಳುತ್ತೇನೆ. ನಮ್ಮ ಊರಿನಲ್ಲಿ ಹಾವಿನ ಔಷಧಿ ಕೊಡುವ ಮನೆತನ ಇದೆ. ದುಡ್ಡು ಮುಟ್ಟುವವರಲ್ಲ. ಅವರ ಕೈಯಲ್ಲಿ ಬದುಕಿದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎಲ್ಲಾ ಸುಳ್ಳು ಅನ್ನುವುದು ಹೇಗೆ?

ಸಿಸ್ಟರಕ್ಕ

ಹಳೇಮನೆ ಮಾವ, ಸುಳ್ಳು ಅಂತ ಯಾರೂ ಹೇಳುತ್ತಿಲ್ಲ. ನೀವು ನೋಡಿದವರು ಬದುಕಿದ್ದು ನಿಜ. ಆದರೆ ಮಲೆನಾಡಿನಲ್ಲಿ ಕಡಿಯುವ ಹಾವುಗಳಲ್ಲಿ ಹೆಚ್ಚಿನವು ವಿಷ ಇಲ್ಲದವು, ನೀರೊಳ್ಳೆ, ಕೇರೆ, ತೋಳದ ಹಾವು ಇಂಥವು. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಬರೀ ಕಚ್ಚುತ್ತದೆ. ಇವರೆಲ್ಲಾ ಏನು ಕೊಟ್ಟರೂ ಬದುಕುತ್ತಾರೆ, ಏನೂ ಕೊಡದಿದ್ದರೂ ಬದುಕುತ್ತಾರೆ. ವಿಷ ನಿಜವಾಗಿ ಏರಿದವರಿಗೆ ಮಾತ್ರ ಎಎಸ್‌ವಿ ಬಿಟ್ಟರೆ ಬೇರೆ ದಾರಿ ಇಲ್ಲ. ಕಡಿದ ಮೊದಲ ಗಂಟೆಯಲ್ಲಿ ಇವರು ಯಾವ ಗುಂಪಿನವರು ಅಂತ ನನಗೂ ಗೊತ್ತಾಗುವುದಿಲ್ಲ, ಪಂಡಿತರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಮೊದಲು ಆಸ್ಪತ್ರೆ. ಏನೂ ಆಗದಿದ್ದರೂ ಒಂದು ದಿನ ಪೂರ್ತಿ ಇಟ್ಟುಕೊಂಡು ನೋಡುತ್ತೇವೆ. ಮನೆಗೆ ಬಂದಮೇಲೆ ದೃಷ್ಟಿ ತೆಗೆಸಿ, ಮಂತ್ರ ಹಾಕಿಸಿ, ನಾಗನಿಗೆ ಪೂಜೆ ಕೊಡಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಊರಿನ ಆ ಮನೆಯವರ ಮಾತನ್ನು ಜನ ಕೇಳುತ್ತಾರೆ ಅಲ್ವಾ? "ಮೊದಲು ಆಸ್ಪತ್ರೆಗೆ ಹೋಗಿ ಬಾ" ಅಂತ ಅವರೇ ಹೇಳಿದರೆ ನಾವು ನೂರು ಸಲ ಹೇಳುವುದಕ್ಕಿಂತ ಅದು ದೊಡ್ಡದು.

ಹಳೇಮನೆ (ಸೊರಬ)

ಅವರ ಮಗ ಈಗ ಹಾಗೆಯೇ ಹೇಳುತ್ತಿದ್ದಾನೆ ತಾಯಿ. ಕಡಿದ ಕೂಡಲೇ ಬಂದವರನ್ನು ತನ್ನ ಬೈಕಿನಲ್ಲೇ ಪೇಟೆಗೆ ಕರೆದುಕೊಂಡು ಹೋಗುತ್ತಾನೆ. ಅಪ್ಪನಿಗೆ ಸ್ವಲ್ಪ ಬೇಜಾರಿದೆ. ಮಾತಾಡಿ ನೋಡುತ್ತೇನೆ.

ಕಳಲೆಹುಡುಗ (ಸಾಗರ)

ತೋಟದ ಮಾತಾಯಿತು. ಕಾಡಿಗೆ, ಗದ್ದೆಗೆ ಹೋಗುವವರ ಬಗ್ಗೆ ಯಾರೂ ಬರೆದಿಲ್ಲ.

ಮೊದಲ ಮಳೆಗೆ ಹತ್ತುಮೀನು (ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಮೀನು) ಹಿಡಿಯಲು ಹೋಗುವುದು ನಮ್ಮ ಕಡೆ ಹಬ್ಬದ ಹಾಗೆ. ರಾತ್ರಿ, ಜಡಿಮಳೆ, ಗದ್ದೆ ಅಂಚಿನ ಮೇಲೆ ಕತ್ತಿ ಹಿಡಿದು ಓಡಾಟ. ಅದೇ ರಾತ್ರಿ ಕಪ್ಪೆಗಳೆಲ್ಲಾ ಹೊರಗೆ ಬಂದಿರುತ್ತವೆ, ಹಿಂದೆಯೇ ಹಾವು. ಬೇಟೆ ಹುಡುಕಿ ಬಂದ ಹಾವು, ಬೇಟೆ ಹುಡುಕಿ ಬಂದ ನಾವು, ಇಬ್ಬರಿಗೂ ಅದೇ ಅಂಚು. ಮೊಬೈಲ್ ಟಾರ್ಚ್ ಯಾವ ಮೂಲೆಗೂ ಸಾಲುವುದಿಲ್ಲ. ತಲೆಗೆ ಕಟ್ಟುವ ಲೈಟು ಒಂದು, ಕೈಯಲ್ಲಿ ಒಂದು ಇರಲಿ. ತಲೆಯದ್ದು ನೋಡುವ ಕಡೆಗೆ ಬೆಳಕು ಕೊಡುತ್ತದೆ, ಕೈಯದ್ದನ್ನು ಕಾಲಿಡುವ ಜಾಗಕ್ಕೆ ಹಿಡಿಯಬಹುದು. ಒಬ್ಬರೇ ಹೋಗಬೇಡಿ.

ದೊಡ್ಡ ಅಪಾಯ ಅಲ್ಲಿ ಬೇರೆಯೇ ಇದೆ. ನೀರಿನಲ್ಲಿ ಏನೋ ಕಚ್ಚುತ್ತದೆ. "ಏ, ನೀರೊಳ್ಳೆ ಇರಬೇಕು ಬಿಡೋ" ಅಂತ ಹೇಳಿ ಮೀನು ಹಿಡಿಯುವುದನ್ನು ಮುಂದುವರಿಸುತ್ತಾರೆ. ಒಂಬತ್ತು ಸಲ ನೀರೊಳ್ಳೆಯೇ ಇರಬಹುದು. ಹತ್ತನೆಯ ಸಲ ಗದ್ದೆ ಅಂಚಿನಲ್ಲಿದ್ದ ಮಂಡಲ ಇದ್ದರೆ? ಕತ್ತಲಲ್ಲಿ ಕಚ್ಚಿದ್ದು ಏನು ಅಂತ ನೋಡದಿದ್ದರೆ ಅದನ್ನು ವಿಷದ ಹಾವು ಅಂತಲೇ ಲೆಕ್ಕ ಹಿಡಿಯಬೇಕು.

ಅಣಬೆ ಕೀಳುವವರು ನೆನಪಿಡಿ, ಹುತ್ತದ ಬುಡದಲ್ಲಿ ಏಳುವ ಅಣಬೆಗೆ ಕೈ ಹಾಕುವ ಮೊದಲು ಹುತ್ತದ ಕಂಡಿ ಎಲ್ಲಿದೆ ನೋಡಿ. ಕಳಲೆ ಮುರಿಯುವವರು ಬಿದಿರು ಮೆಳೆಗೆ ನುಗ್ಗುವಾಗ ನೆಲ ಮಾತ್ರ ನೋಡಿದರೆ ಸಾಲದು, ಎದೆ ಎತ್ತರದ ರೆಂಬೆಯಲ್ಲೂ ಹಸಿರು ಗುಳಿಮಂಡಲ ಮಲಗಿರುತ್ತದೆ. ಕೈ, ಮುಖಕ್ಕೆ ಕಡಿಯುವುದು ಅದೇ.

ಮಳೆಕಾಡು (ತೀರ್ಥಹಳ್ಳಿ)

ಒಳ್ಳೇ ಮಾತು ಹೇಳಿದಿರಿ. ಗುಳಿಮಂಡಲದ ಜೊತೆ ಇನ್ನೊಂದನ್ನೂ ಹೇಳಬೇಕು. ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ದರಗು ಗುಡಿಸುವಾಗ, ಕಾಫಿ ಗಿಡದ ಬುಡದಲ್ಲಿ ಒಂದು ಗೇಣು, ಒಂದೂವರೆ ಗೇಣಿನ ಕಂದು ಹಾವು ಸಿಗುತ್ತದೆ. ಮೂಗಿನ ತುದಿ ಮೇಲಕ್ಕೆ ಎದ್ದಿರುತ್ತದೆ. ಸಣ್ಣದು ಅಂತ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ವಿಷ ರಕ್ತ ಹೆಪ್ಪುಗಟ್ಟುವುದನ್ನೂ ಕಿಡ್ನಿಯನ್ನೂ ಕೆಡಿಸಬಲ್ಲದು, ನಮ್ಮಲ್ಲಿ ಸಿಗುವ ಎಎಸ್‌ವಿ ಅದಕ್ಕೆ ನಾಟುವುದಿಲ್ಲ. ಗುಳಿಮಂಡಲಕ್ಕೂ, ಕಾಳಿಂಗಕ್ಕೂ ಈ ಔಷಧಿ ಮಾಡಿದ್ದಲ್ಲ. ಹಾಗಂತ ಆಸ್ಪತ್ರೆ ದಂಡ ಅಂತಲ್ಲ. ಡಯಾಲಿಸಿಸ್, ರಕ್ತ, ಉಸಿರಾಟದ ಮೆಷಿನ್ ಎಲ್ಲಾ ಇರುವುದು ಅಲ್ಲೇ. ಇಂಥ ಕಡೆ ಫೋಟೋ ಇದ್ದರೆ ಡಾಕ್ಟರಿಗೆ ನಿಜಕ್ಕೂ ಉಪಕಾರ ಆಗುತ್ತದೆ.

ಗುರುತಿನ ವಿಷಯದಲ್ಲಿ ಎರಡು ಕಡೆ ಜನ ಮೋಸ ಹೋಗುತ್ತಾರೆ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಅಂತ ಕೈಯಲ್ಲಿ ಹಿಡಿಯುತ್ತಾರೆ. ಕೊಳಕುಮಂಡಲದ ಬೆನ್ನಿನ ಮೇಲೆ ಮೂರು ಸಾಲು ಮೊಟ್ಟೆಯಾಕಾರದ ಮಚ್ಚೆ, ಒಂದರ ಹಿಂದೆ ಒಂದು ಸಾಲಾಗಿ. ಹೆಬ್ಬಾವಿನದು ಅಂಕುಡೊಂಕು ದೊಡ್ಡ ಪಟ್ಟೆ. ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಮೇ ತಿಂಗಳಿನಿಂದ ಜುಲೈ ಹೊತ್ತಿಗೆ ರಾಶಿ ಮರಿ. ಈಗ ಅವೆಲ್ಲಾ ತೋಟದಲ್ಲಿ ಹರಿದಾಡುತ್ತಿವೆ, ಹುಟ್ಟಿದಾಗಿನಿಂದಲೇ ವಿಷ ಇದೆ. ಇನ್ನೊಂದು ಕಟ್ಟುಹಾವು, ಕೆಲವು ಕಡೆ ಕಡಂಬಳ ಅಂತಾರೆ. ಅದನ್ನು ತೋಳದ ಹಾವು ಅಂತ ತಿಳಿದು ಬಿಡುತ್ತಾರೆ. ಕಟ್ಟುಹಾವಿನ ಬಿಳಿ ಪಟ್ಟೆ ತಲೆ ಕಡೆ ಮಸುಕು, ಬಾಲದ ಕಡೆ ಎದ್ದು ಕಾಣುತ್ತದೆ. ತೋಳದ ಹಾವಿಗೆ ತಲೆ ಕಡೆಯೇ ಪಟ್ಟೆ ದಟ್ಟ, ಬಾಲದತ್ತ ಮಾಸುತ್ತದೆ. ಆದರೂ ರಾತ್ರಿ ಹೊತ್ತು ಪಟ್ಟೆ ನೋಡುತ್ತಾ ಕೂರುವುದು ಬೇಡ, ಕಡಿದಿದ್ದರೆ ಹೊರಡಿ.

ಸಿಸ್ಟರಕ್ಕ

ಕಟ್ಟುಹಾವಿನ ಮಾತು ಬಂದದ್ದು ಒಳ್ಳೆಯದಾಯಿತು. ನನಗೆ ಅತಿ ಹೆಚ್ಚು ಭಯ ಅದರದ್ದೇ.

ಅದು ರಾತ್ರಿಯ ಹಾವು, ಮನೆ ಒಳಗೇ ಬರುತ್ತದೆ. ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತದೆ. ಕಡಿದದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ನೋವಿಲ್ಲ, ಊತ ಇಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು ಕೂರುತ್ತಾರೆ. ಮನೆಯವರು ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕೊಡುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಎತ್ತಲು ಆಗುವುದಿಲ್ಲ. ಮಾತು ತೊದಲುತ್ತದೆ, ಉಗುಳು ನುಂಗಲು ಆಗುವುದಿಲ್ಲ, ಉಸಿರು ಕಟ್ಟುತ್ತದೆ. ನೆಲದಲ್ಲಿ ಮಲಗಿದ್ದವರು ಬೆಳಿಗ್ಗೆ ಹೊಟ್ಟೆನೋವು ಅಂದು, ಕಣ್ಣು ಎಳೆದ ಹಾಗೆ ಆಗುತ್ತಿದೆ ಅಂದರೆ ಒಂದು ನಿಮಿಷ ಕಾಯಬೇಡಿ.

ಇದಕ್ಕೆ ವೆಂಟಿಲೇಟರ್ ಇರುವ ಆಸ್ಪತ್ರೆಯೇ ಬೇಕು. ದಾರಿಯಲ್ಲಿ ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಾ ಇರಿ, ಬಿಡಬೇಡಿ. ಕಣ್ಣು ಮುಚ್ಚಿ, ಕೈಕಾಲು ಆಡದೆ ಬಿದ್ದಿದ್ದರೂ ಅವರಿಗೆ ನೀವು ಮಾತಾಡುವುದು ಕೇಳುತ್ತಿರಬಹುದು. ಹೀಗೆ ಬಂದವರು ದಿನಗಟ್ಟಲೆ ಮೆಷಿನ್‌ನಲ್ಲಿದ್ದು ಎದ್ದು ನಡೆದು ಮನೆಗೆ ಹೋಗಿದ್ದಾರೆ.

ಕೊನೆ ಕೊಯ್ಲಿನ ಸಮಯದಲ್ಲಿ ಹೊರಗಿನಿಂದ ಬಂದ ಕೆಲಸದವರನ್ನು ಅಡಿಕೆ ಮನೆಯಲ್ಲೋ ಜಗಲಿಯಲ್ಲೋ ನೆಲಕ್ಕೆ ಮಲಗಿಸುತ್ತಾರಲ್ಲ, ಅವರಿಗೆ ಮಂಚ ಕೊಡಿ. ಮಂಚ ಇಲ್ಲದಿದ್ದರೆ ಹಲಗೆ ಎತ್ತರಿಸಿ ಹಾಕಿ. ಸೊಳ್ಳೆಪರದೆ ಕಟ್ಟಿ, ಅಂಚನ್ನು ಸುತ್ತಲೂ ಹಾಸಿಗೆ ಅಡಿಗೆ ಸಿಕ್ಕಿಸಿ. ಸೊಳ್ಳೆಗಾಗಿ ಕಟ್ಟುವ ಪರದೆ ಹಾವನ್ನೂ ತಡೆಯುತ್ತದೆ.

ಸುಲಿಯೋಮನೆ (ತೀರ್ಥಹಳ್ಳಿ)

ಸಿಸ್ಟರ್ ಬರೆದದ್ದು ಓದಿ ನಮ್ಮ ಅಡಿಕೆ ಮನೆಯ ಜಗಲಿ ಕಣ್ಣಮುಂದೆ ಬಂತು. ಅಡಿಕೆ ಸುಲಿಯುವಾಗಿನ ವಿಷಯ ನಾನು ಸೇರಿಸುತ್ತೇನೆ. ಈಗ ಮೆಷಿನ್ ಬಂದಿದ್ದರೂ ಮೆಟ್ಟುಗತ್ತಿಯಲ್ಲಿ ರಾತ್ರಿ ಸುಲಿಯುವವರು ಇದ್ದೇ ಇದ್ದಾರೆ. ಚಪ್ಪರದ ಅಡಿ ಕೊನೆ ರಾಶಿ ಪಕ್ಕದಲ್ಲೇ ಕೂರುವುದು. ಬಲ್ಬು ಅಡಿಕೆ ಮೇಲೆ ಬೀಳುವ ಹಾಗೆ ಕಟ್ಟಿರುತ್ತಾರೆ, ಬೆನ್ನ ಹಿಂದೆ ಪೂರ್ತಿ ಕತ್ತಲೆ. ಎರಡು ಬಲ್ಬು ಹೆಚ್ಚಿಗೆ ಕಟ್ಟಿಸಿ. ಕೂರುವವರಿಗೆ ಮಣೆ ಕೊಡಿ. ಸಿಪ್ಪೆಯನ್ನು ಆಯಾ ದಿನವೇ ದೂರ ಸಾಗಿಸಿ, ಸಿಪ್ಪೆ ಗುಡ್ಡೆಗೆ ಇಲಿ, ಇಲಿಗೆ ಹಾವು.

ಅಡಿಕೆ ಒಣಗಿಸಿದ ಟಾರ್ಪಾಲನ್ನು ಬೆಳಿಗ್ಗೆ ಮಧ್ಯಕ್ಕೆ ಕೈ ಹಾಕಿ ಎತ್ತಬೇಡಿ. ಅಂಚಿನಿಂದ ನಿಧಾನ ಮಡಚುತ್ತಾ ಬನ್ನಿ. ಬಚ್ಚಲೊಲೆ ಪಕ್ಕದ ಕಟ್ಟಿಗೆ ರಾಶಿ ಗೋಡೆಗೆ ತಾಗಿ ಇರಬಾರದು.

ಗಂಡಸರಿಗೆ ಒಂದು ಮಾತು. ರಾತ್ರಿ ತ್ರೀ ಫೇಸ್ ಕರೆಂಟು ಬಂತು ಅಂತ ಚಪ್ಪಲಿಯಲ್ಲೇ ಪಂಪ್ ಹಾಕಲು ಓಡಬೇಡಿ. ಸ್ಟಾರ್ಟರ್ ಡಬ್ಬಿಯ ಬಾಗಿಲನ್ನು ಕೋಲಿನಲ್ಲಿ ತೆಗೆಯಿರಿ.

ಬಯಲಿನವ (ಶಿಕಾರಿಪುರ)

ಬೆಳ್ಳುಳ್ಳಿ ನೀರು, ಫಿನಾಯಿಲ್, ಕಾರ್ಬಾಲಿಕ್ ಆಸಿಡ್ ಹಾಕಿದರೆ ಹಾವು ಬರುವುದಿಲ್ಲ ಅಂತಾರೆ. ಹೌದಾ? ಮತ್ತೆ ಹಾವು ಕಂಡರೆ ಹೊಡೆಯುವುದಾ ಬಿಡುವುದಾ?

ಮಳೆಕಾಡು (ತೀರ್ಥಹಳ್ಳಿ)

ಆ ವಾಸನೆಯಿಂದ ಏನೂ ಆಗುವುದಿಲ್ಲ. ದುಡ್ಡು ಹಾಳು, ಮಕ್ಕಳು ಮುಟ್ಟಿದರೆ ಆಸಿಡ್‌ನಿಂದ ಮೈ ಸುಡುತ್ತದೆ. ಇಲಿ ಕಡಿಮೆ ಮಾಡಿ, ಬಾಗಿಲ ಸಂದು ಮುಚ್ಚಿ, ಬಚ್ಚಲ ನೀರು ಹೋಗುವ ತೂತಿಗೆ ಜಾಳಿಗೆ ಹಾಕಿ, ಅದೇ ಔಷಧಿ.

ಹೊಡೆಯಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅನ್ನುವುದು ಒಂದು. ಹೊಡೆಯಲು ಹತ್ತಿರ ಹೋದವರೇ ಕಡಿಸಿಕೊಳ್ಳುವುದು ಇನ್ನೊಂದು. ಕೇರೆಯನ್ನಂತೂ ಮುಟ್ಟಲೇಬೇಡಿ, ಇಲಿ ತಿನ್ನುವುದು ಅದು. ಕಾಳಿಂಗ ಕಂಡರೆ ಜನ ಹೆದರಿ ಸಾಯುತ್ತಾರೆ, ಆದರೆ ಅದು ಮನುಷ್ಯರಿಗೆ ಕಡಿಯುವುದು ತೀರಾ ಅಪರೂಪ. ಅದರ ಊಟವೇ ಬೇರೆ ಹಾವುಗಳು, ಕೇರೆ, ನಾಗರ, ಗುಳಿಮಂಡಲ. ಆಗುಂಬೆಯಲ್ಲಿ 2005ರಿಂದ ಮಳೆಕಾಡು ಸಂಶೋಧನಾ ಕೇಂದ್ರ ಇದೆ, ಅಲ್ಲಿ ಕಾಳಿಂಗಕ್ಕೆ ರೇಡಿಯೋ ಸಾಧನ ಅಳವಡಿಸಿ ಹಿಂದೆ ಹಿಂದೆ ಹೋಗಿ ನೋಡಿದವರಿದ್ದಾರೆ. ಗೂಡು ಕಾಯುವ ಹೆಣ್ಣಿನ ಹತ್ತಿರ ಮಾತ್ರ ಸುಳಿಯಬೇಡಿ. ಬೇಸಗೆಯಲ್ಲಿ ದರಗು ಎಳೆದು ರಾಶಿ ಮಾಡಿ ಮೊಟ್ಟೆ ಇಟ್ಟಿರುತ್ತದೆ, ದರಗು ಗುಡಿಸುವವರು ಗಮನಿಸಿ. ಮನೆ ಒಳಗೆ ಹಾವು ಬಂದರೆ ಅರಣ್ಯ ಇಲಾಖೆಗೆ ಹೇಳಿ. ಅವರು ಬರುವವರೆಗೆ ಒಬ್ಬರು ದೂರದಿಂದ ಕಣ್ಣಿಟ್ಟಿದ್ದರೆ ಸಾಕು.

ಸಿಸ್ಟರಕ್ಕ

ಲೆಕ್ಕದ ಮಾತು ಒಂದು. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸಾಯುತ್ತಾರೆ ಅಂತ 2020ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು, ಮಳೆಗಾಲದಲ್ಲೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಕಡೆಗಣಿಸಲಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ್ದು ಅಂತ ಘೋಷಿಸಿದೆ. ಅಂದರೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಬಂದ ಪ್ರತಿ ಪ್ರಕರಣ ದಾಖಲಾಗಬೇಕು. ನೀವು ಆಸ್ಪತ್ರೆಗೆ ಬಂದರೆ ಮಾತ್ರ ಅದು ಲೆಕ್ಕಕ್ಕೆ ಸಿಗುತ್ತದೆ. ಲೆಕ್ಕ ಇದ್ದರೆ ಯಾವ ತಾಲೂಕಿಗೆ ಎಷ್ಟು ಔಷಧಿ ಬೇಕು ಅಂತ ಕೇಳಬಹುದು.

ತೋಟದಂಚು ಅಣ್ಣ, ಕೊನೆ ಶುರುವಾಗುವ ಮೊದಲು ನಿಮ್ಮ ಪಿಎಚ್‌ಸಿಗೂ (ಪ್ರಾಥಮಿಕ ಆರೋಗ್ಯ ಕೇಂದ್ರ) ತಾಲೂಕು ಆಸ್ಪತ್ರೆಗೂ ಹೋಗಿ ನೇರವಾಗಿ ಕೇಳಿ. ಎಎಸ್‌ವಿ ಇದೆಯಾ, ರಾತ್ರಿ ಡಾಕ್ಟರ್ ಇರುತ್ತಾರಾ, ವೆಂಟಿಲೇಟರ್ ಎಲ್ಲಿದೆ. ಮೊದಲ ಡೋಸ್ ಹತ್ತಿರದಲ್ಲೇ ಹಾಕಿಸಿ, ಆಮೇಲೆ ಬೇಕಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತಾರೆ. ಔಷಧಿ ಹಾಕಿಸದೆ ನೇರ ದೂರಕ್ಕೆ ಓಡಿದರೆ ಆ ಒಂದೂವರೆ ಎರಡು ಗಂಟೆ ವಿಷಕ್ಕೆ ಬಿಟ್ಟುಕೊಟ್ಟ ಹಾಗೆ.

ತೋಟದಂಚು (ಹೊಸನಗರ ತಾಲೂಕು)

ಎಲ್ಲರಿಗೂ ಕೈಮುಗಿಯುತ್ತೇನೆ. ಇವತ್ತು ಹೋಗಿ ಕೇಳಿಕೊಂಡು ಬಂದೆ. ನಮ್ಮ ಪಿಎಚ್‌ಸಿಯಲ್ಲಿ ಔಷಧಿ ಇದೆ, ಸಂಜೆಮೇಲೆ ಡಾಕ್ಟರ್ ಇರುವುದಿಲ್ಲ. ಹಾಗಾಗಿ ಹಗಲು ಅಲ್ಲಿಗೆ, ರಾತ್ರಿ ತಾಲೂಕು ಆಸ್ಪತ್ರೆಗೆ ಅಂತ ನಿರ್ಧಾರ ಮಾಡಿದೆವು. ಗಂಬೂಟಿಗೆ ಅಳತೆ ಕೇಳಿ ಬರೆದುಕೊಂಡಿದ್ದೇನೆ. ಹೆಂಗಸರ ಅಳತೆಯದ್ದು ಪೇಟೆಯಲ್ಲಿ ಸಿಗುವುದೇ ಕಷ್ಟ, ಶಿವಮೊಗ್ಗದಿಂದ ತರಿಸುತ್ತಿದ್ದೇನೆ. ಉದುರು ಹೆಕ್ಕುವುದು ಈ ಸಲ ದಿನಗೂಲಿ. ಕೊನೆಗಾರ ಅಣ್ಣ, ಆ ಮಾತು ನೀವು ಹೇಳದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಒಂದೇ ತೊಡಕು ಉಳಿದಿದೆ. ಕೆಳಗಿನ ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಅಲ್ಲಿ ಏನಾದರೂ ಆದರೆ ಮನೆಗೆ ಹೇಳುವುದು ಹೇಗೆ?

ಕೊನೆಗಾರ (ಸಾಗರ)

ನಮ್ಮ ಗುಂಪಿನಲ್ಲಿ ಎಲ್ಲರ ಕುತ್ತಿಗೆಗೂ ಒಂದೊಂದು ಸೀಟಿ ಇದೆ ಅಣ್ಣ. ಒಂದು ಸಲ ಊದಿದರೆ ಊಟಕ್ಕೆ, ಬಿಡದೆ ಊದಿದರೆ ಕೆಲಸ ಬಿಟ್ಟು ಓಡಿ ಬರಬೇಕು ಅಂತ ಮಾತು. ಕಡಿಸಿಕೊಂಡವರು ಅಲ್ಲೇ ಕೂರುತ್ತಾರೆ, ಸೀಟಿ ಕೇಳಿದವರಲ್ಲಿ ಕಾಲು ಚುರುಕಿನವನು ಧರೆ (ಎತ್ತರದ ದಿಬ್ಬ) ಹತ್ತಿ ಸಿಗ್ನಲ್ ಸಿಗುವಲ್ಲಿಗೆ ಓಡುತ್ತಾನೆ, ಉಳಿದವರು ಹೊರುತ್ತಾರೆ. ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಮೊದಲ ದಿನವೇ ಎಲ್ಲರಿಗೂ ತೋರಿಸಿಡಿ. ಕೊನೆ ನಡೆಯುವಷ್ಟು ದಿನ ಗಾಡಿಯನ್ನು ಮನೆ ಅಂಗಳದಲ್ಲಿ ಬಿಡಬೇಡಿ, ತೋಟದ ದಾರಿ ಬಾಯಲ್ಲಿ ಪೇಟೆ ಕಡೆ ಮುಖ ಮಾಡಿ ನಿಲ್ಲಿಸಿ. ಕೀಲಿ ಯಾರ ಹತ್ತಿರ ಇದೆ ಅನ್ನುವುದು ಎಲ್ಲರಿಗೂ ಗೊತ್ತಿರಲಿ.